ಅಜ್ಜನ ಹೆಸರು ಸಿಗದಿದ್ದರೆ ಅಜ್ಜನ ಗದ್ದೆ ಹುಡುಕಿ

ಪುಣೆಯಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮೂಲ ಕಾರವಾರ ತಾಲೂಕಿನ ಕಾಳಿ ದಂಡೆಯ ಹಳ್ಳಿ. ಅಜ್ಜ ಅಲ್ಲಿ ಗೇಣಿ ಗದ್ದೆ ಮಾಡುತ್ತಿದ್ದರಂತೆ. ಅಜ್ಜಿಯ ತವರು ಸೂಪಾ ಕಡೆ, ಆ ಊರು ಈಗ ನೀರೊಳಗಿದೆ. ಅಪ್ಪ ತೀರಿಕೊಂಡ ಮೇಲೆ ಕೇಳೋಣವೆಂದರೆ ಯಾರೂ ಇಲ್ಲ. ವಂಶವೃಕ್ಷ ಹುಡುಕುವ ವಿದೇಶಿ ಜಾಲತಾಣಗಳಲ್ಲಿ ನಮ್ಮ ಹೆಸರೇ ಸಿಗುತ್ತಿಲ್ಲ. ಒಬ್ಬರು ಹಣ ಕೊಟ್ಟರೆ ಹತ್ತು ತಲೆಮಾರಿನ ವಂಶಾವಳಿ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಖರ್ಚಿಲ್ಲದೆ ಇಂಟರ್ನೆಟ್ಟಿನಲ್ಲೇ ಏನಾದರೂ ಸಿಕ್ಕೀತೇ?"

ಸಿಗುತ್ತದೆ. ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಅಲ್ಲ. ಮೊದಲು, ಆ ಹತ್ತು ತಲೆಮಾರಿನವರಿಗೆ ದುಡ್ಡು ಕೊಡಬೇಡಿ. ಗೇಣಿ ಒಕ್ಕಲಿನ ಮನೆತನದ ಹತ್ತು ತಲೆಮಾರು ಯಾವ ಕಾಗದದಲ್ಲಿದೆ ಎಂದು ಕೇಳಿ ನೋಡಿ. ಕಾಗದ ತೋರಿಸದವರು ಕೊಡುವುದು ಕಟ್ಟುಕತೆ. ನಿಮ್ಮ ಅಜ್ಜನ ನಿಜವಾದ ಎರಡು ತಲೆಮಾರು ಅದಕ್ಕಿಂತ ಎಷ್ಟೋ ದೊಡ್ಡದು.

ವಿದೇಶಿ ಜಾಲತಾಣಗಳಲ್ಲಿ ನೀವು ಕಾಣದಿರುವುದಕ್ಕೆ ಕಾರಣವಿದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಹಳೆಯ ಜನಗಣತಿಯ ಮನೆಮನೆಯ ಹಾಳೆಗಳನ್ನೇ ಸಾರ್ವಜನಿಕರಿಗೆ ಬಿಟ್ಟಿದ್ದಾರೆ. ಅಲ್ಲಿಯವರ ಹುಡುಕಾಟ ನಿಂತಿರುವುದೇ ಅದರ ಮೇಲೆ. ನಮ್ಮಲ್ಲಿ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದರೂ ಪ್ರಕಟವಾದದ್ದು ಅಂಕಿಸಂಖ್ಯೆ ಮಾತ್ರ, ಹೆಸರುಗಳಲ್ಲ. ಫ್ಯಾಮಿಲಿ ಸರ್ಚ್ ಎಂಬ ಜಾಲತಾಣ ಪೂರ್ತಿ ಉಚಿತ, ಖಾತೆ ತೆರೆದರೆ ಸಾಕು. ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳ, ಅಂದರೆ ಯಾತ್ರಿಕರ ವಂಶ ಬರೆದಿಡುವ ಪುರೋಹಿತರ, ವಹಿಗಳ ಚಿತ್ರಗಳೂ ಅದರಲ್ಲಿವೆ. ನಿಮ್ಮ ಹಿರಿಯರು ಯಾರಾದರೂ ಉತ್ತರದ ಯಾತ್ರೆಗೆ ಹೋಗಿದ್ದರೆಂಬ ಮಾತು ಮನೆಯಲ್ಲಿದ್ದರೆ ಮಾತ್ರ ಅತ್ತ ಹೋಗಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆತನದ ದಾರಿ ಹಿಡಿಯಬೇಕಾದ್ದು ಜಮೀನಿನಿಂದ. ಒಂದೇ ಹೆಸರು ಮೊಮ್ಮಗನಿಗೆ ಮತ್ತೆ ಬರುತ್ತದೆ. ಅಡ್ಡಹೆಸರು ಒಮ್ಮೆ ಊರಿನದು, ಒಮ್ಮೆ ಜಾತಿಯದು, ಶಾಲೆಯಲ್ಲಿ ಮಾಸ್ತರರು ಬರೆದುಕೊಂಡದ್ದು ಇನ್ನೊಂದು. ಗದ್ದೆ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೊಂದು ಸರ್ವೆ ನಂಬರು, ಹಿಸ್ಸಾ ನಂಬರು ಇರುತ್ತದೆ. ಊರಿನಲ್ಲಿರುವ ಯಾವುದಾದರೂ ದಾಯಾದಿಗೆ ಫೋನು ಮಾಡಿ ಆ ನಂಬರು ಕೇಳಿಕೊಳ್ಳಿ. ಕಂದಾಯ ಇಲಾಖೆಯ 'ಭೂಮಿ' ಜಾಲತಾಣದಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರು ಕೊಟ್ಟರೆ ಪಹಣಿ ಉಚಿತವಾಗಿ ತೆರೆದುಕೊಳ್ಳುತ್ತದೆ. 9ನೇ ಕಾಲಮ್ಮಿನಲ್ಲಿ ಮಾಲೀಕರು, 12ರಲ್ಲಿ ಸಾಗುವಳಿ ಮಾಡುವವರು. 'ಬಿನ್' ಎಂದಿದ್ದರೆ ಮುಂದಿನದು ಅಪ್ಪನ ಹೆಸರು, 'ಕೋಂ' ಎಂದಿದ್ದರೆ ಗಂಡನದು. ಒಂದು ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಿತಲ್ಲ!

ಹೆಸರಿನ ಜೊತೆಗಿರುವ ಎಂ.ಆರ್. ನಂಬರನ್ನೂ ಬರೆದುಕೊಳ್ಳಿ. ಅದು ಹಕ್ಕು ಬದಲಾವಣೆಯ ದಾಖಲೆ. ವಾರಸಾ ಪ್ರಕಾರ ಖಾತೆ ಬದಲಾಗಿದ್ದರೆ ಸತ್ತವರು ಯಾರು, ಎಂದು ಸತ್ತರು, ಹೆಂಡತಿ ಮಕ್ಕಳು ಯಾರ್‍ಯಾರು ಎಂಬುದು ಅದರ ಕಡತದಲ್ಲಿರುತ್ತದೆ. ಎಷ್ಟೋ ಮನೆಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬರವಣಿಗೆಯಲ್ಲಿ ಉಳಿದಿರುವುದು ಆ ಒಂದು ಹಾಳೆಯಲ್ಲಿ ಮಾತ್ರ.

ಭೂಮಿ ವ್ಯವಸ್ಥೆ ಶುರುವಾದದ್ದು 2000ದ ಸುಮಾರಿಗೆ. ಅದಕ್ಕಿಂತ ಹಿಂದಿನ ಕೈಬರಹದ ಪಹಣಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ವಿಚಾರಿಸಿ. ನಿಮ್ಮ ಅಜ್ಜನ ವಿಷಯದಲ್ಲಿ ಅದಕ್ಕಿಂತಲೂ ಬೆಲೆಯುಳ್ಳ ಒಂದು ಕಾಗದವಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕರಾವಳಿಯ ಸಾವಿರಾರು ಮನೆಗಳ ಮೊದಲ ಲಿಖಿತ ಚರಿತ್ರೆ ಇದೇ ಎಂದು ನಾನು ನಂಬಿದ್ದೇನೆ.

ಮೂಲಗೇಣಿಯವರಿಗೆ, ಅಂದರೆ ಕಾಯಂ ಗೇಣಿಯವರಿಗೆ, ಪತ್ರವಿರುತ್ತಿತ್ತು. ಒಡೆಯರು ಬೇಕೆಂದಾಗ ಬಿಡಿಸಬಹುದಾದ ಚಾಲಗೇಣಿಯವರಿಗೆ ಒಡೆಯರ ಬಾಯಿಮಾತೇ ಪತ್ರ. ತಲೆತಲಾಂತರದಿಂದ ಅದೇ ಗದ್ದೆ ಉತ್ತರೂ ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ. ದಿನಕರ ದೇಸಾಯಿಯವರು ಈ ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿ ದಶಕಗಳ ಕಾಲ ಹೋರಾಡಿದ್ದು ಇಂಥವರಿಗಾಗಿ. ಕೊನೆಗೆ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗದ್ದೆಯ ಹಕ್ಕು ಪಡೆಯಲು ಉಳುವವನು ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಡಬೇಕಾಯಿತು: ನಾನು ಇಂಥವನು, ಇಂಥವನ ಮಗ, ಇಂಥ ಗದ್ದೆ, ಇಂಥವರು ಒಡೆಯರು, ಇಷ್ಟು ಕಾಲದಿಂದ ಸಾಗುವಳಿ. ಅರ್ಜಿಯ ಗಡುವು 1979ರ ಜೂನ್ 30ರವರೆಗೂ ಮುಂದುವರಿಯಿತು. ಭೂನ್ಯಾಯ ಮಂಡಳಿಯ ಮುಂದೆ ಒಕ್ಕಲು ಹೇಳಿಕೆ ಕೊಟ್ಟರು, ಒಡೆಯರೂ ಕೊಟ್ಟರು. ನಿಮ್ಮ ಅಜ್ಜ ತನ್ನ ಅಪ್ಪನ ಬಗ್ಗೆ ಅಧಿಕಾರಿಗಳ ಮುಂದೆ ಹೇಳಿದ ಮಾತು, ಹೆಬ್ಬೆಟ್ಟಿನ ಗುರುತಿನ ಸಮೇತ, ಆ ಕಡತದಲ್ಲಿ ಇರಬಹುದು. ಹಕ್ಕು ಮಂಜೂರಾಗಿದ್ದರೆ ಹತ್ತನೇ ನಮೂನೆಯ ಪ್ರಮಾಣಪತ್ರ ಮನೆಯ ಟ್ರಂಕಿನಲ್ಲೇ ಇದ್ದೀತು. ಅದರ ಮೇಲಿನ ಪ್ರಕರಣದ ನಂಬರು ಹಿಡಿದು ಮಂಡಳಿಯ ಆದೇಶದ ನಕಲು ಕೇಳಿ. ಇದು ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಅರ್ಜಿ ಬರೆಯುವುದಕ್ಕೆ ಬೇಕಾದ ಸರ್ವೆ ನಂಬರನ್ನು ಮಾತ್ರ ಅಲ್ಲಿ ಖಚಿತಪಡಿಸಿಕೊಳ್ಳಬಹುದು.

ಅಜ್ಜಿಯ ದಾರಿ ಹೆಚ್ಚು ಕಷ್ಟದ್ದು. ನಮ್ಮ ಕೊಂಕಣಿ ಮನೆಗಳಲ್ಲೂ ಘಟ್ಟದ ಮೇಲಿನ ಹವ್ಯಕ ಮನೆಗಳಲ್ಲೂ ಮದುವೆಯ ದಿನ ಹುಡುಗಿಗೆ ಹೊಸ ಹೆಸರು ಇಡುತ್ತಿದ್ದರು. ನಿಮಗೆ ಗೊತ್ತಿರುವುದು ಅಜ್ಜಿಯ ಗಂಡನ ಮನೆಯ ಹೆಸರು. ತವರಿನ ಹೆಸರನ್ನು ಅಜ್ಜಿಯ ಓರಗೆಯ ಯಾರಾದರೂ ಮುದುಕಿಯೇ ಹೇಳಬೇಕು. ಇದನ್ನು ಮುಂದಿನ ರಜೆಗೆಂದು ಇಟ್ಟುಕೊಳ್ಳಬೇಡಿ. ಈ ವಾರವೇ ಫೋನು ಮಾಡಿ, ಕೊಂಕಣಿಯಲ್ಲೇ ಮಾತಾಡಿಸಿ, ಅನುಮತಿ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. "ವಂಶಾವಳಿ ಹೇಳಿ" ಎಂದರೆ ಯಾರಿಗೂ ಬಾಯಿ ಬರುವುದಿಲ್ಲ. ಬಾಣಂತನಕ್ಕೆ ಯಾರು ಬಂದಿದ್ದರು, ಮದುವೆಗೆ ಯಾವ ಮಾವ ಬಂದಿದ್ದ ಎಂದು ಕೇಳಿ. ಶ್ರಾದ್ಧ ಮಾಡುವ ಪದ್ಧತಿ ಇದ್ದರೆ ಪುರೋಹಿತರನ್ನೂ ವಿಚಾರಿಸಿ. ಅಪ್ಪನ ಕಡೆಯ ಮೂರು ತಲೆಮಾರಿನ ಜೊತೆ ತಾಯಿಯ ತವರಿನ ಮೂರು ತಲೆಮಾರನ್ನೂ ಅಲ್ಲಿ ಹೆಸರಿಟ್ಟು ಕರೆಯುವುದುಂಟು. ಕುಲದೇವರು ಗೋವಾದಲ್ಲಿದ್ದರೆ ಆ ದೇವಸ್ಥಾನದ ಹೆಸರು, ಊರು ಬರೆದಿಟ್ಟುಕೊಳ್ಳಿ. ಮನೆತನ ಎಲ್ಲಿಂದ ಇಳಿದು ಬಂತು ಎಂಬುದಕ್ಕೆ ಅದೊಂದು ಗಟ್ಟಿ ಸುಳಿವು.

ಸೂಪಾ ಮುಳುಗಿದೆ, ನಿಜ. ಗಣೇಶಗುಡಿಯ ಬಳಿ ಕಾಳಿಗೆ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪೇಟೆ, ಸುತ್ತಲಿನ ಹಳ್ಳಿಗಳು ನೀರಿಗೆ ಹೋದವು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು, ಬಹಳಷ್ಟು ಜನರಿಗೆ ರಾಮನಗರದಲ್ಲಿ ನೆಲೆ ಸಿಕ್ಕಿತು. ಊರು ಹೋದರೂ ನಕಾಶೆಯಿಂದ ಅಳಿಸಿಹೋಗಿಲ್ಲ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ 1950ರ ದಶಕದ ಭಾರತದ ನಕಾಶೆಗಳನ್ನು ಉಚಿತವಾಗಿ ಇಟ್ಟಿದೆ. ಅಣೆಕಟ್ಟಿಗೆ ಮೊದಲಿನ ಕಾಳಿ ಕಣಿವೆಯನ್ನು ಅಲ್ಲಿ ನೋಡಬಹುದು. ಮುಳುಗಿದ ಜಮೀನಿಗೆ ಪರಿಹಾರ ಕೊಟ್ಟಿರುವುದರಿಂದ ಭೂಸ್ವಾಧೀನದ ಅವಾರ್ಡಿನಲ್ಲಿ, ಅಂದರೆ ಪರಿಹಾರದ ಆದೇಶದಲ್ಲಿ, ಸರ್ವೆ ನಂಬರು, ಹಕ್ಕುದಾರರ ಹೆಸರು ಇರುತ್ತದೆ. ಅಜ್ಜಿಯ ಅಣ್ಣ ತಮ್ಮಂದಿರನ್ನು ಹುಡುಕಲು ಅದು ಸರಿಯಾದ ಜಾಗ. ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟ ಕಾರವಾರ, ಅಂಕೋಲಾದ ಕುಟುಂಬಗಳಿಗೂ ಇದೇ ದಾರಿ.

ಇನ್ನೂ ಹಿಂದಕ್ಕೆ ಹೋದರೆ ಹೆಸರು ಸಿಗುವುದು ಕಡಿಮೆ, ಊರಿನ ಬದುಕು ಸಿಗುತ್ತದೆ. 1883ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 15ನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದು, ಎರಡು ಭಾಗ. 1801ರಲ್ಲಿ ಇಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನವೂ ಇದೆ. ಎರಡೂ ಇಂಟರ್ನೆಟ್ ಆರ್ಕೈವಿನಲ್ಲಿ ಉಚಿತ. ಯಾವ ಜಾತಿಯವರು ಏನು ಉಣ್ಣುತ್ತಿದ್ದರು, ಎಲ್ಲಿಂದ ಬಂದೆವೆಂದು ಹೇಳಿಕೊಳ್ಳುತ್ತಿದ್ದರು ಎಂಬುದೆಲ್ಲ ಗೆಜೆಟಿಯರಿನಲ್ಲಿದೆ. ಆದರೆ ಜನರ ಗುಣ ಸ್ವಭಾವದ ಬಗ್ಗೆ ಅಲ್ಲಿ ಬರೆದಿರುವ ಮಾತನ್ನು ನಿಮ್ಮ ವಂಶವೃಕ್ಷಕ್ಕೆ ಇಳಿಸಬೇಡಿ. ಅದು ಆಳುವವರ ಕಣ್ಣು. ಸರ್ಕಾರಿ ಕಡತ ಬೇಕೆಂದರೆ ಇನ್ನೊಂದು ತೊಡಕು: ಈ ಜಿಲ್ಲೆ 1862ರವರೆಗೆ ಮದ್ರಾಸಿಗೆ, ಆಮೇಲೆ ಮುಂಬಯಿಗೆ ಸೇರಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಯಾವ ಕಾಲದ ಕಾಗದ ಎಂಬುದರ ಮೇಲೆ ಚೆನ್ನೈಗೋ ಮುಂಬಯಿಗೋ ಬೆಂಗಳೂರಿಗೋ ಎಂದು ನಿರ್ಧಾರವಾಗುತ್ತದೆ. ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಕಾರವಾರ, ಕೆನರಾ (ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಗೆ ಇದ್ದ ಹೆಸರು) ಎಂದು ಹುಡುಕಿ ನೋಡಬಹುದು.

ಸಿಕ್ಕಿದ್ದನ್ನೆಲ್ಲ ಜಾಲತಾಣಕ್ಕೆ ಏರಿಸಬೇಡಿ. ಬದುಕಿರುವವರ ಹೆಸರು, ಜನ್ಮದಿನ, ಜಮೀನಿನ ವಿವರ ನಿಮ್ಮ ಪುಸ್ತಕದಲ್ಲೇ ಇರಲಿ. ಹಳೆಯ ಪಹಣಿ ಕೇಳಲು ಹೊರಟರೆ ಪಾಲು ಕೇಳಲು ಬಂದರೆಂದು ದಾಯಾದಿಗಳು ಹೆದರುವುದುಂಟು. ಮೊದಲೇ ವಿಷಯ ಹೇಳಿಬಿಡಿ.

ಅಜ್ಜಿಯ ತವರೂರಿನ ಹೆಸರು, ಮನೆಯ ಅಡ್ಡಹೆಸರು ಗೊತ್ತಾದ ಕೂಡಲೇ ನಮಗೆ ಬರೆಯಿರಿ. ನೀವು ಒಪ್ಪಿದರೆ ಮುಂದಿನ ಸಂಚಿಕೆಯಲ್ಲೇ ಅಚ್ಚು ಹಾಕುತ್ತೇವೆ. ರಾಮನಗರ, ಜೋಯಿಡಾಗಳಲ್ಲಿ ನಮ್ಮ ಓದುಗರಿದ್ದಾರೆ. ಹಳೆಯ ಸೂಪಾದ ಓಣಿ ಓಣಿಯನ್ನೂ ಬಲ್ಲವರು ಅವರಲ್ಲಿ ಇನ್ನೂ ಇದ್ದಾರೆ.

— ಸಂಪಾದಕ