ಅಮ್ಮನ ಲಿವರ್‌ನಲ್ಲಿ ಸಿಸ್ಟ್ ಇದೆ, ನೀರು ತೆಗೆಸಬೇಕೇ?

ನಿಮ್ಮ ಅಮ್ಮನಿಗೆ 54 ವರ್ಷ, ಹೊಟ್ಟೆಯುಬ್ಬರ ಅಂತ ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ 3 ಸೆಂ.ಮೀ. ಸಿಂಪಲ್ ಸಿಸ್ಟ್ ಕಂಡಿದೆ, ಸೂಜಿ ಹಾಕಿಸಿ ನೀರು ತೆಗೆಸಿಬಿಡೋಣವೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ನಾನು ಡಾಕ್ಟರಲ್ಲ, ಅಪ್ಪನ ಲಿವರ್ ಸಿಸ್ಟ್‌ಗಾಗಿ ಎರಡು ವರ್ಷ ಆಸ್ಪತ್ರೆಗೆ ಅಲೆದವನು.

ಸಿಂಪಲ್ ಸಿಸ್ಟ್ ಎಂದರೆ ತೆಳು ಗೋಡೆಯೊಳಗೆ ತಿಳಿನೀರು ತುಂಬಿದ ಗುಳ್ಳೆ. ಹುಟ್ಟುವ ಮೊದಲೇ ಪಿತ್ತನಾಳದ ಒಂದು ಸಣ್ಣ ಕವಲು ದೊಡ್ಡ ನಾಳಕ್ಕೆ ಕೂಡಿಕೊಳ್ಳದೆ ಉಳಿದಿರುತ್ತದೆ. ಅದರ ಒಳಪದರ ವರ್ಷಗಟ್ಟಲೆ ನೀರು ಒಸರಿ ಗುಳ್ಳೆಯಾಗುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು ಕಾಣುತ್ತದೆ. ಊಟದಿಂದ ಬಂದಿದ್ದಲ್ಲ, ಕ್ಯಾನ್ಸರೂ ಅಲ್ಲ. ತೊಂದರೆ ಕೊಡದಿದ್ದರೆ ಮಾತ್ರೆ ಬೇಡ, ಪದೇ ಪದೇ ಸ್ಕ್ಯಾನ್ ಕೂಡ ಬೇಕಿಲ್ಲ. ಬರೀ ನೀರೆಳೆದರೆ ಒಳಪದರ ಹಾಗೇ ಇರುತ್ತದಲ್ಲ, ಮತ್ತೆ ತುಂಬಿಕೊಳ್ಳುತ್ತದೆ. ತೀರ ದೊಡ್ಡದಾಗಿ ನೋವು ಬಂದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಆಗ ಲ್ಯಾಪರೋಸ್ಕೋಪಿಯಲ್ಲಿ ಗುಳ್ಳೆಯ ಮೇಲ್ಭಾಗ ಕತ್ತರಿಸಿ ತೆರೆದುಬಿಡುತ್ತಾರೆ. ಇಲ್ಲವೇ ನೀರೆಳೆದ ಮೇಲೆ ಆಲ್ಕೋಹಾಲ್ ಬಿಟ್ಟು ಒಳಪದರವನ್ನು ಸಾಯಿಸುತ್ತಾರೆ.

ನಮ್ಮಪ್ಪನದು ಬೇರೆ ಜಾತಿಯ ಸಿಸ್ಟ್. ನಮ್ಮದು ಚಿತ್ರದುರ್ಗದ ಕಡೆ ಕುರಿ ಸಾಕುವ ಮನೆ. ಬಲಗಡೆ ಪಕ್ಕೆಯ ಕೆಳಗೆ ಭಾರ ಅಂತ ಅಪ್ಪ ತಿಂಗಳುಗಟ್ಟಲೆ ಹೇಳುತ್ತಿದ್ದರು. ಸ್ಕ್ಯಾನಿನಲ್ಲಿ 9 ಸೆಂ.ಮೀ. ಗುಳ್ಳೆ. ಮೊದಲು ತೋರಿಸಿದ ಕಡೆ 'ನೀರುಗುಳ್ಳೆ, ನಾಳೆ ಸೂಜಿಯಲ್ಲಿ ತೆಗೆದುಬಿಡೋಣ' ಎಂದರು. ಆ ರಾತ್ರಿ ನೆಂಟರೊಬ್ಬರು ಬಲವಂತ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸಿದ್ದರಿಂದ ಬಚಾವಾದೆವು. ಅಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, 'ಮನೇಲಿ ನಾಯಿ ಇದೆಯಾ?'

ದೊಡ್ಡ ಗುಳ್ಳೆಯೊಳಗೆ ಮರಿಗುಳ್ಳೆಗಳಿದ್ದವು. ಹೈಡಾಟಿಡ್ ಸಿಸ್ಟ್. ಇದು ನಾಯಿಯ ಕರುಳಿನಲ್ಲಿರುವ, ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳುವಿನಿಂದ ಬರುವಂಥದ್ದು. ಹುಳುವಿನ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಿದ್ದು, ಹುಲ್ಲಿನ ಜೊತೆ ಕುರಿಯ ಹೊಟ್ಟೆಗೆ, ಕೈ, ನೀರು, ತೊಳೆಯದ ಸೊಪ್ಪಿನ ಮೂಲಕ ನಮ್ಮ ಹೊಟ್ಟೆಗೆ ಹೋಗುತ್ತದೆ. ಕುರಿ ಕೊಯ್ದಾಗ ಲಿವರ್‌ನಲ್ಲಿ ಗುಳ್ಳೆ ಕಂಡರೆ ಆ ತುಂಡನ್ನು ನಾವು ನಾಯಿಗೇ ಎಸೆಯುತ್ತಿದ್ದೆವು. ರೋಗವನ್ನು ನಾವೇ ಸುತ್ತಿಸುತ್ತಿದ್ದೆವು ಎಂದು ಗೊತ್ತಾದಾಗ ಅಪ್ಪನ ಮುಖ ನೋಡಲಾಗಲಿಲ್ಲ. ಮಟನ್ ತಿಂದರೆ ಇದು ಬರುವುದಿಲ್ಲ, ಮನುಷ್ಯರಿಂದ ಮನುಷ್ಯರಿಗೂ ಅಂಟುವುದಿಲ್ಲ.

ಸಿದ್ಧತೆಯಿಲ್ಲದೆ ಇದಕ್ಕೆ ಸೂಜಿ ಚುಚ್ಚಿ ನೀರು ಹೊಟ್ಟೆಯೊಳಗೆ ಸೋರಿದರೆ ತೀವ್ರ ಅಲರ್ಜಿಯಾಗಿ ಪ್ರಾಣಕ್ಕೇ ಅಪಾಯ, ಜೊತೆಗೆ ಸೋರಿದ ಕಡೆಯೆಲ್ಲ ಹೊಸ ಗುಳ್ಳೆ ಹುಟ್ಟಬಹುದು. ಕೆಲವು ಹಂತದ ಹೈಡಾಟಿಡ್‌ಗೆ ಸೂಜಿ ಹಾಕುತ್ತಾರೆ ನಿಜ, ಆದರೆ ಮೊದಲೇ ಮಾತ್ರೆ ಕೊಟ್ಟು, ನೀರೆಳೆದು, ಹುಳು ಸಾಯಿಸುವ ದ್ರವ ಬಿಟ್ಟು, ಮತ್ತೆ ಎಳೆಯುತ್ತಾರೆ. ಅಪ್ಪನಿಗೆ ಆಪರೇಷನ್ ಆಯಿತು. ಅದಕ್ಕೆ ಮುಂಚೆಯೂ ಆಮೇಲೂ ಆಲ್ಬೆಂಡಜೋಲ್ 400 ಮಿ.ಗ್ರಾಂ. ದಿನಕ್ಕೆರಡು, ಕೊಬ್ಬಿನಂಶವಿರುವ ಊಟದ ಜೊತೆ. ನಡುನಡುವೆ ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ. ಈ ಮಾತ್ರೆಯನ್ನು ನೀವಾಗಿಯೇ ಅಂಗಡಿಯಿಂದ ತಂದು ಕೊಡಬೇಡಿ.

ಲಿವರ್ ತುಂಬ ಹತ್ತಾರು ಗುಳ್ಳೆಗಳಿದ್ದರೆ ಅದು ವಂಶದಲ್ಲಿ ಬರುವ ಪಾಲಿಸಿಸ್ಟಿಕ್ ಕಾಯಿಲೆ, ಕಿಡ್ನಿಯನ್ನೂ ನೋಡಿಸಬೇಕು. ಗುಳ್ಳೆಯೊಳಗೆ ಅಡ್ಡಗೋಡೆ, ದಪ್ಪ ಗಂಟು ಇದೆ ಎಂದು ಬರೆದಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗುತ್ತದೆ, ಅಂಥದ್ದರಲ್ಲಿ ಕೆಲವು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ್ದರಿಂದ ಪೂರ್ತಿ ತೆಗೆಯುತ್ತಾರೆ.

ರಿಪೋರ್ಟಿನಲ್ಲಿ ಈ ಯಾವುದೂ ಇಲ್ಲದಿದ್ದರೆ ಅಮ್ಮನ ಹೊಟ್ಟೆಯುಬ್ಬರಕ್ಕೆ ಬೇರೆ ಕಾರಣ ಹುಡುಕಿ, 3 ಸೆಂ.ಮೀ. ಗುಳ್ಳೆಯ ಮೇಲೆ ಹೊರಿಸಬೇಡಿ. ಮನೆಯಲ್ಲಿ ನಾಯಿಯೋ ಕುರಿಯೋ ಇದ್ದರೆ, ಹಿಂದೆ ಇದ್ದಿದ್ದರೂ ಸರಿ, ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.