ಒಳಾಂಗಣ ಬ್ಯಾಸ್ಕೆಟ್‌ಬಾಲ್‌ಗೆ 85 ಎಂಎಂ ಲೆನ್ಸ್ ಸಾಕು

ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಗಳ ಬ್ಯಾಸ್ಕೆಟ್‌ಬಾಲ್ ಚಿತ್ರಗಳು ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸಲ್ಲಿ ಮಸುಕಾಗ್ತಿವೆ, 70-200 ಎಫ್/2.8 ಜೂಮ್ ಲೆನ್ಸ್ ಕೊಳ್ಳಲೇ ಎಂದು ಕೇಳಿದ್ದೀರಿ. ಅಂಕಣದ ಪಕ್ಕದಲ್ಲೇ ಕೂರಲು ಬಿಟ್ಟರೆ ಬೇಡ, 85 ಎಂಎಂ ಎಫ್/1.8 ತಗೊಳ್ಳಿ. ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/5.6 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು); ಅದಕ್ಕಿಂತ 85 ಎಂಎಂ ಒಂಬತ್ತು-ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ. ಷಟರ್ ವೇಗ 1/800 ಸೆಕೆಂಡಿಗಿಂತ ನಿಧಾನ ಬೇಡ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದರೂ ಹೆದರಬೇಡಿ: ನಾಯ್ಸ್ (ಚಿತ್ರದಲ್ಲಿ ಕಾಣುವ ಚುಕ್ಕೆಚುಕ್ಕೆ) ಆಮೇಲೆ ತಗ್ಗಿಸಬಹುದು, ಅಲುಗಿದ ಮುಖವನ್ನು ಸರಿಪಡಿಸೋಕಾಗಲ್ಲ. ಗ್ಯಾಲರಿಯಿಂದಲೇ ತೆಗೆಯಬೇಕಾದರೆ ಮಾತ್ರ 70-200, ಅದೂ ಮೊದಲು ಬಾಡಿಗೆಗೆ ತಂದು ನೋಡಿ.

ಇನ್ನು ಫ್ರೇಮಿಂಗ್. ಬೇಸ್‌ಲೈನ್ (ಬುಟ್ಟಿಯ ಹಿಂದಿನ ಗೆರೆ) ಮೂಲೆಯಲ್ಲಿ ನೆಲಕ್ಕೆ ಕೂತುಬಿಡಿ. ನಿಂತು ತೆಗೆದರೆ ಮಕ್ಕಳ ನೆತ್ತಿಯೇ ಕಾಣೋದು. ಕ್ಯಾಮೆರಾ ಉದ್ದಕ್ಕೆ ಹಿಡಿದು ಮುಖ, ಚೆಂಡು ಎರಡೂ ಬರುವಂತೆ ನೋಡಿಕೊಳ್ಳಿ, ಪಾದ ಕತ್ತರಿಸಬೇಡಿ. ಫ್ಲ್ಯಾಶ್ ಮಾತ್ರ ದಯವಿಟ್ಟು ಬೇಡ, ಆಡುವ ಮಕ್ಕಳ ಕಣ್ಣು ಕುಕ್ಕುತ್ತೆ.