ಬ್ಲಡ್ ಥಿನ್ನರ್ ಬದಲು ಆಸ್ಪಿರಿನ್ ಸಾಕಲ್ವಾ ಡಾಕ್ಟರೇ?

ಪ್ರಶ್ನೆ: ಅಪ್ಪನಿಗೆ 78 ವರ್ಷ, ಬಿಪಿ ಇದೆ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಅಂತ ಬಂದಿದೆ. ಅಪಿಕ್ಸಾಬಾನ್ ಅನ್ನೋ ಬ್ಲಡ್ ಥಿನ್ನರ್ ಬರೆದುಕೊಟ್ಟಿದ್ದಾರೆ. ರಕ್ತಸ್ರಾವ ಆದರೆ ಅಂತ ಭಯ. ಆಸ್ಪಿರಿನ್ ಕೊಟ್ಟರೆ ಸಾಕಲ್ವಾ?

ಉತ್ತರ: ಸಾಲದು. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಾರೆ, ಹಾಗಾಗಿ ಇವತ್ತು ಬಿಡಿಸಿ ಹೇಳುತ್ತೇನೆ.

ಹೃದಯದ ಎಡ ಮೇಲ್ಕೋಣೆಗೆ ಹೆಬ್ಬೆರಳಿನಷ್ಟು ಒಂದು ಚೀಲ ಅಂಟಿಕೊಂಡಿರುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಅಂದರೆ ಮೇಲ್ಕೋಣೆ ಸರಿಯಾಗಿ ಹಿಂಡದೆ ಬರೀ ಅದುರುವುದು. ಆಗ ಆ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪು ಕಿತ್ತು ಮೆದುಳಿಗೆ ಹೋದರೆ ಪಾರ್ಶ್ವವಾಯು. ಇಂಥ ಹೆಪ್ಪಿನ ಮೇಲೆ ಆಸ್ಪಿರಿನ್ ಆಟ ಜಾಸ್ತಿ ನಡೆಯುವುದಿಲ್ಲ. ಹಳೆಯ ಬ್ಲಡ್ ಥಿನ್ನರ್ ಆದ ವಾರ್ಫರಿನ್ ಪಾರ್ಶ್ವವಾಯುವಿನ ಅಪಾಯವನ್ನು ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆ, ಆಸ್ಪಿರಿನ್ ಐದರಲ್ಲಿ ಒಂದು ಪಾಲು. ಆಸ್ಪಿರಿನ್ ಸೌಮ್ಯ ಅನ್ನುವುದೂ ಸುಳ್ಳು. 2011ರ ಅವೆರೋಸ್ ಅಧ್ಯಯನದಲ್ಲಿ ಅಪಿಕ್ಸಾಬಾನ್ ತಗೊಂಡವರಿಗೆ ಪಾರ್ಶ್ವವಾಯು ಆಸ್ಪಿರಿನ್ ಗುಂಪಿನ ಅರ್ಧಕ್ಕಿಂತ ಕಡಿಮೆ ಆಯಿತು. ದೊಡ್ಡ ರಕ್ತಸ್ರಾವ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ಪಾರ್ಶ್ವವಾಯುವಿನ ಅಪಾಯ ಎಷ್ಟು ಅಂತ ನಾವು ಅಂಕ ಹಾಕಿ ನೋಡುತ್ತೇವೆ. ಅಪ್ಪನಿಗೆ 75 ದಾಟಿದ್ದಕ್ಕೆ 2, ಬಿಪಿಗೆ 1. ಗಂಡಸರಿಗೆ 2 ಆದರೇ ಬ್ಲಡ್ ಥಿನ್ನರ್ ಬೇಕು. ರಕ್ತಸ್ರಾವದ ಭಯ ನನಗೂ ಇದೆ. ಅದಕ್ಕೇ ಕಿಡ್ನಿ, ಹಿಮೋಗ್ಲೋಬಿನ್ ನೋಡದೆ ನಾನು ಶುರು ಮಾಡುವುದಿಲ್ಲ. ಬಿಪಿ ಹಿಡಿತದಲ್ಲಿಡಿ. ಮಂಡಿನೋವು ಅಂತ ಸುಮ್ನೆ ನೋವಿನ ಮಾತ್ರೆ ನುಂಗುವುದನ್ನು ಬಿಡಿಸಿ. ಮಲ ಕಪ್ಪಗಾದರೆ ಒಳಗೆ ರಕ್ತಸ್ರಾವ ಇರಬಹುದು, ಅವತ್ತೇ ಕರೆತನ್ನಿ. ಅಪಿಕ್ಸಾಬಾನ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಬಲಗೈ ಏಳದೆ, ಮಾತು ಹೊರಡದೆ ಬಂದ ಒಬ್ಬರ ಜೇಬಿನಲ್ಲಿ ಮಾತ್ರೆಯ ಪಟ್ಟಿ ಸಿಕ್ಕಿತ್ತು. ಹತ್ತರಲ್ಲಿ ಒಂದನ್ನೂ ಒಡೆದಿರಲಿಲ್ಲ. ಯಾರೋ ಹೆದರಿಸಿದ್ದರಂತೆ. ಆ ಪಟ್ಟಿ ನನಗೆ ಮರೆಯುವುದಿಲ್ಲ.

ಪ್ರಶ್ನೆ: ಬಡಿತ ಸರಿಪಡಿಸುವ ಅಬ್ಲೇಶನ್ ಚಿಕಿತ್ಸೆ ಆಗಿದೆ, ಎದೆಬಡಿತ ಸರಿ ಇದೆ. ಬ್ಲಡ್ ಥಿನ್ನರ್ ಬಿಡಬಹುದಾ?

ಉತ್ತರ: ಕನಿಷ್ಠ ಎರಡು ತಿಂಗಳು ಯಾರೂ ಬಿಡುವಂತಿಲ್ಲ. ಆಮೇಲೂ ನೋಡುವುದು ಅಂಕವನ್ನು, ಬಡಿತವನ್ನಲ್ಲ.

ಪ್ರಶ್ನೆ: ಲೋಹದ ವಾಲ್ವ್ ಹಾಕಿದ್ದಾರೆ. ವಾರ್ಫರಿನ್ ಬಿಟ್ಟು ಅಪಿಕ್ಸಾಬಾನ್‌ನಂಥ ಹೊಸ ಮಾತ್ರೆ ತಗೊಳ್ಳಲಾ?

ಉತ್ತರ: ಖಂಡಿತ ಬೇಡ. ನಿಮಗೆ ವಾರ್ಫರಿನ್ನೇ.

ಪ್ರಶ್ನೆ: ಹೆಪ್ಪು ಕರಗಿಸುವ ಪುಡಿ ಒಬ್ಬರು ಕೊಟ್ಟಿದ್ದಾರೆ. ಜೊತೆಗೆ ಕೊಡಬಹುದಾ?

ಉತ್ತರ: ಎಸೆಯಿರಿ. ಅದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬ್ಲಡ್ ಥಿನ್ನರ್ ಜೊತೆ ಸೇರಿ ರಕ್ತ ಸುರಿದರೆ ಪುಡಿ ಕೊಟ್ಟವರು ಬಂದು ನಿಲ್ಲಿಸುವುದಿಲ್ಲ.

ಪ್ರಶ್ನೆ: ಬೆಳಗಿನ ಅಪಿಕ್ಸಾಬಾನ್ ಮರೆತರೆ?

ಉತ್ತರ: ನೆನಪಾದ ಕೂಡಲೇ ತಗೊಳ್ಳಿ. ರಾತ್ರಿ ಎರಡು ಒಟ್ಟಿಗೆ ನುಂಗಬೇಡಿ.